ಬಾಗಿಲಿಗೆ ಕಟ್ಟಿದ ಬೇವು

ಪೇತ್ರಪ್ಪ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ನಿಂತೇ ಕೊಡೆಯ ತುದಿಯಿಂದ ಬಾಗಿಲ ಮೇಲಿನ ಬೇವಿನ ಟೊಂಗೆಯನ್ನು ಎತ್ತಿ ನೋಡಿದ, ಸತ್ತ ಹಾವನ್ನು ಕೋಲಿನಿಂದ ಎತ್ತಿದ ಹಾಗೆ. ಒಣಗಿದ ಎಲೆ ನಾಲ್ಕು ಉದುರಿದವು.

"ಇದನ್ನ ಇನ್ನೂ ತಗದಿಲ್ಲಲ್ಲ, ದೇವವ್ವ?"

ದೇವವ್ವ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನೇಯುತ್ತಿರಲಿಲ್ಲ. ಮಗಳು ರೂತಿ ತೀರಿ ಒಂಬತ್ತು ದಿನವಾಗಿತ್ತು. ಲಾಳಿ ಮಾತ್ರ ಕೈಯಲ್ಲಿತ್ತು.

"ಲಕ್ಷ್ಯಕ್ಕ ಬರಲಿಲ್ರಿ ಕಾಕಾ."

"ಬರಬೇಕಿತ್ತು. ಕ್ರಿಸ್ತರ ಮನಿ ಬಾಗಲಕ್ಕ ದೇವಿ ಬೇವು ಜೋತಾಡಾಕ ಹತ್ತಿದ್ರ ಸಭಾದ ಮಂದಿ ಏನಂತಾರ? ಓಣಿ ಮಂದಿ ಏನಂತಾರ?"

ಪೇತ್ರಪ್ಪ ಸಭೆಯ ಹಿರಿಯ. ಬೆಟಗೇರಿಯ ಅಂಚಿನ ಆ ಓಣಿಯಲ್ಲಿ ತಗಡಿನ ಮಾಡಿನ ಒಂದು ಪ್ರಾರ್ಥನಾ ಮಂದಿರ, ಅದಕ್ಕೆ ಸೇರಿದ ಇಪ್ಪತ್ತೆರಡು ಮನೆ. ಆ ಇಪ್ಪತ್ತೆರಡು ಮನೆಯ ಮದುವೆ, ಮಣ್ಣು, ಜಗಳ, ಎಲ್ಲವೂ ಅವನ ಕೊಡೆಯ ಕೆಳಗೇ ನಡೆಯಬೇಕು. ಅವನು ಅಂಗಿಯ ಕಿಸೆಯಿಂದ ಮಡಿಸಿದ ಕಾಗದವೊಂದನ್ನು ತೆಗೆದ. ಕೈಗೆ ಕೊಡಲಿಲ್ಲ. ಹೊಸ್ತಿಲ ಮೇಲಿಟ್ಟು, ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ಹರಳುಗಲ್ಲು ಇಟ್ಟ.

"ಐತವಾರ ಎಲ್ಲಾರ ಮುಂದ ನಿಂತು ಇದನ್ನ ಓದು. ಓದಿದ್ರ ಅವತ್ತ ಕರ್ತನ ಭೋಜನಕ್ಕ ಬರಾಕ ಅಡ್ಡಿ ಇಲ್ಲ. ಸಂಜಿಮುಂದ ಪಾದ್ರಿ ಅಯ್ಯನವರು ಬಂದು ಕೂಸಿನ ಕುಣಿ ಮ್ಯಾಲ ಪ್ರಾರ್ಥನಿ ಮಾಡತಾರ. ಸ್ಮಶಾನದ ಬೇಲಿ ಸರಿಸಿ ಅದನ್ನೂ ಒಳಗ ತಗೋತೀವಿ."

"ಓದಲಿಲ್ಲಂದ್ರ?"

"ಓದಲಿಲ್ಲಂದ್ರ ಕೂಸು ಇದ್ದಲ್ಲೇ ಇರತೈತಿ." ಅವನು ಕೊಡೆಯ ತುದಿಯನ್ನು ಅಂಗಳದ ಮಣ್ಣಿಗೆ ತಿಕ್ಕಿ ಒರೆಸಿದ. "ನಿನ್ನ ಒಳ್ಳೇದಕ್ಕ ಹೇಳಾಕ ಹತ್ತೀನಿ. ನಾ ಬರದದ್ದು ಭಾಳ ಹಗರ ಐತಿ. ತಪ್ಪೆಲ್ಲಾ ಆ ಬಾಜೂಮನಿ ಹನಮಂತವ್ವನ ಮ್ಯಾಲ ಹಾಕೀನಿ."

ಅವನು ಹೋದ ಮೇಲೆ ದೇವವ್ವ ಕಾಗದ ಬಿಡಿಸಿದಳು. ಮಿಶನ್ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಓದಲು ಯಾರೂ ಬೇಕಿರಲಿಲ್ಲ. 'ಕರ್ತನ ಸಭೆಯ ಮುಂದೆ ನಾನು ಒಪ್ಪಿಕೊಳ್ಳುವುದೇನೆಂದರೆ, ನನ್ನ ಮಗುವಿನ ರೋಗಕಾಲದಲ್ಲಿ ಅಜ್ಞಾನಿಯಾದ ನೆರೆಯವಳ ದುರ್ಬೋಧೆಗೆ ಮರುಳಾಗಿ, ಸೈತಾನನ ಕುರುಹನ್ನು ಮನೆಯ ಬಾಗಿಲಿಗೆ ಕಟ್ಟಿಸಿ, ಜೀವವುಳ್ಳ ದೇವರನ್ನು ದುಃಖಪಡಿಸಿದೆನು.' ಅಕ್ಷರ ದುಂಡಗಿದ್ದವು. ಕೆಳಗೆ ಅವಳ ಹೆಸರು ಬರೆದು, ಸಹಿಗೆ ಜಾಗ ಬಿಟ್ಟಿದ್ದ.

ಅವಳು ಎರಡನೆಯ ಸಲ ಓದಿದಳು.

ರೂತಿಗೆ ಜ್ವರ ಬಂದು ಮೂರನೆಯ ದಿನಕ್ಕೆ ಮೈತುಂಬ ಮೈಲಿ ಎದ್ದಿತ್ತು. ದೇವವ್ವ ಪಾದ್ರಿ ಅಯ್ಯನವರಿಗೆ ಹೇಳಿ ಕಳಿಸಿದಳು. 'ಪ್ರಾರ್ಥಿಸುತ್ತಿದ್ದೇವೆ' ಎಂದು ಉತ್ತರ ಬಂತು. ಪ್ರಾರ್ಥಿಸುವವರು ಯಾರೂ ಬರಲಿಲ್ಲ. ಬಂದವಳು ಪಕ್ಕದ ಮನೆಯ ಹನಮಂತವ್ವ. ಅವಳ ಮುಖದ ತುಂಬ ಚಿಕ್ಕಂದಿನ ಮೈಲಿ ಕಲೆ. "ನನಗೇನ ಹೆದರಿಕಿ? ನನ್ನ ಮುಖದಾಗ ಇನ್ನ ಎಲ್ಲೈತಿ ಜಾಗಾ?" ಎನ್ನುತ್ತ ಒಳಗೆ ಬಂದು ಚಾಪೆಯ ಮೇಲೆ ಬೇವಿನ ಎಲೆ ಹಾಸಿದಳು, ಕೂಸಿಗೆ ತುರಿಕೆ ತಗ್ಗಲೆಂದು. ಒಂದು ಟೊಂಗೆಯನ್ನು ಬಾಗಿಲಿಗೆ ಕಟ್ಟಿದಳು. ಬೇವು ಕಂಡ ಮನೆಯೊಳಗೆ ಓಣಿಯಲ್ಲಿ ಯಾರೂ ಕಾಲಿಡುವುದಿಲ್ಲ. ಆಡುವ ಮಕ್ಕಳು ನುಗ್ಗುವುದಿಲ್ಲ. ದೇವವ್ವ ನೋಡಿದಳು, ಬೇಡ ಅನ್ನಲಿಲ್ಲ. ಅಷ್ಟೇ ಅವಳು ಮಾಡಿದ್ದು.

ಎಂಟನೆಯ ದಿನ ಮಧ್ಯಾಹ್ನ ಕೂಸಿನ ಕಣ್ಣು ಮುಚ್ಚಿಹೋಗಿದ್ದವು. ಹನಮಂತವ್ವ ಬೀಸಣಿಗೆ ಬೀಸುತ್ತ ಮೆಲ್ಲಗೆ ಅಂದಿದ್ದಳು: "ಒಂದ್ ಮಾತು ಹೇಳ್ತೀನಿ, ಸಿಟ್ಟ ಆಗಬ್ಯಾಡ ತಂಗಿ. ದುರಗವ್ವಗ ಮೊಸರನ್ನದ ಎಡಿ ಬೇಡ್ಕೊಳ್ಳೂಣು. ನೀ ಗುಡಿಗೆ ಬರೂದು ಬ್ಯಾಡ, ಕೈ ಮುಗಿಯೂದೂ ಬ್ಯಾಡ. ಎಲ್ಲಾ ನಾ ಮಾಡತೀನಿ. ನೀ ತಾಯಿ ಅದೀ, ಬರೇ ಹೂಂ ಅನ್ನು."

ಹೂಂ ಅನ್ನಲು ಬಾಯಿ ತೆರೆಯುವುದೂ ಬೇಕಾಗಿರಲಿಲ್ಲ. ಚಾಪೆಯ ಮೇಲೆ ಕೂಸು ನರಳಿತು. ಎರಡು ವರ್ಷದ ಹಿಂದೆ ಗಂಡ ದಾನಿಯೇಲಪ್ಪ ಕ್ಷಯದಿಂದ ಹೋದಾಗಲೂ ದೇವವ್ವ ತನ್ನ ದೇವರೊಬ್ಬನನ್ನೇ ಕೇಳಿದ್ದಳು, ಅವನು ಕೊಟ್ಟಿರಲಿಲ್ಲ. ಈಗಲೂ ಅವನನ್ನೇ ಕೇಳಿದಳು. ಹೂಂ ಅನ್ನಲಿಲ್ಲ. ಹನಮಂತವ್ವ ಮುನಿಸಿಕೊಳ್ಳಲಿಲ್ಲ, ಬೀಸಣಿಗೆ ನಿಲ್ಲಿಸಲೂ ಇಲ್ಲ.

ಹನ್ನೊಂದನೆಯ ದಿನ ಕೂಸು ಹೋಯಿತು. ಮಣ್ಣಿಗೆ ಅಯ್ಯನವರು ಬರಲಿಲ್ಲ, ಗಂಟೆ ಹೊಡೆಯಲಿಲ್ಲ. ಬಾಗಿಲಲ್ಲಿ ದೇವಿಯ ಗುರುತು ಇದ್ದ ಮನೆಯ ಹೆಣ ಎಂದು ಪೇತ್ರಪ್ಪ ಸ್ಮಶಾನದ ಗೇಟು ತೆರೆಸಲಿಲ್ಲ. ಹನಮಂತವ್ವನ ಗಂಡ ನಿಂಗಪ್ಪನೇ ಕಳ್ಳಿ ಬೇಲಿಯ ಹೊರಗೆ ಕುಣಿ ತೋಡಿದ. ಬೇಲಿಯ ಒಳಗೆ, ಹತ್ತು ಮಾರು ದೂರದಲ್ಲಿ, ರೂತಿಯ ಅಪ್ಪನ ಗೋರಿ. ಒಂದು ದಿನವೂ ಒಬ್ಬಳೇ ಮಲಗಿದ ಕೂಸಲ್ಲ ಅದು. ತಾಯಿಯ ಸೆರಗಿನ ಚುಂಗು ಮುಷ್ಟಿಯಲ್ಲಿ ಇರದಿದ್ದರೆ ಕಣ್ಣು ಮುಚ್ಚುತ್ತಿರಲಿಲ್ಲ.

ಹೂಂ ಅನ್ನದೆ ಕೂಸನ್ನು ಮಣ್ಣಿಗಿಟ್ಟು ಬಂದವಳು ಈಗ 'ಮರುಳಾಗಿ' ಎಂದು, ಹೂಂ ಅಂದವಳ ಹಾಗೆ, ಸಭೆಗೆ ಓದಿ ಹೇಳಬೇಕು.

"ಓದಿಬಿಡು," ಅಂದಳು ಅತ್ತೆ ಸುಮಿತ್ರವ್ವ. ಶನಿವಾರ ಮಧ್ಯಾಹ್ನ ಒಲೆಯ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು. "ನಾಲ್ಕ ಸಾಲು ಓದಿದ್ರ ನಾಲಿಗಿ ಸವದು ಹೋಗೂದಿಲ್ಲ."

"ಸುಳ್ಳು ಐತ್ರಿ ಅತ್ತಿ ಅದು."

"ಸುಳ್ಳಂತ ದೇವರಿಗೆ ಗೊತ್ತೈತಿಲ್ಲ? ಸಾಕು." ಮುದುಕಿ ಮೊರ ಕೆಳಗಿಟ್ಟಳು. "ನಾ ಲಕ್ಷ್ಮೇಶ್ವರದಾಗ ದೀಕ್ಷಾಸ್ನಾನ ತಗೊಂಡ ದಿನ ನಮ್ಮಪ್ಪ ತಲಿ ಬೋಳಿಸ್ಕೊಂಡು ನನ್ನ ಹೆಸರಿಲೆ ಸತ್ತವರ ದಿನಾ ಮಾಡಿದ. ಜೀವಂತ ಇದ್ದಾಕಿಗೆ! ನಮ್ಮವ್ವ ಸತ್ತಾಗ ಮುಖಾ ನೋಡಾಕ ಬಿಡಲಿಲ್ಲ. ಮಂದ್ಯಾಗಿಂದ ಹೊರಗ ಬೀಳೂದು ಅಂದ್ರ ಏನಂತ ನನ್ನ ಕೇಳು. ಒಮ್ಮೆ ಬಿದ್ದೀನಿ. ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲವ್ವಾ."

ಆ ಹೊತ್ತಿಗೆ ಹನಮಂತವ್ವ ಬುಟ್ಟಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ಇಟ್ಟುಕೊಂಡು ಬಂದಳು. ಬಂದವಳೇ ಬಾಗಿಲು ನೋಡಿ, "ಅಯ್ಯ, ನನ್ನ ಬೇವು ಎಲ್ಲಿ?" ಅಂದಳು.

"ನಾನಽ ಕಿತ್ತು ಒಗದೀನಿ. ನಿನ್ನ ಬೇವಿಂದಽ ಇಷ್ಟೆಲ್ಲಾ ಆಗಿದ್ದು," ಎಂದು ಸುಮಿತ್ರವ್ವ ಒದರಿಬಿಟ್ಟಳು. ಕಾಗದ, ಐತವಾರ, ಕಳ್ಳಿ ಬೇಲಿ, ಎಲ್ಲ ಹೊರಬಂತು.

ಹನಮಂತವ್ವ ಬುಟ್ಟಿ ಇಳಿಸಿ ಕೂತಳು. "ನನ್ನ ಬಗ್ಗೆ ಏನ ಬರದಾನ, ಓದು ನೋಡೂಣು."

"ಬ್ಯಾಡ ಬಿಡಕ್ಕಾ."

"ಓದ ಲೇ. ನನ್ನ ಬಗ್ಗೆ ಬರದವ್ರು ಈ ಜನ್ಮದಾಗ ಅಂವೊಬ್ಬನಽ."

ದೇವವ್ವ ಓದಿದಳು.

"ಸೈತಾನ ಅಂದ್ರ ನಮ್ಮ ಓಣಿ ರಹಿಮತಬಿ ಮಕ್ಕಳಿಗೆ ಬೈತಾಳಲ್ಲ, ಅಂವನಽ ಏನು?" ಹನಮಂತವ್ವ ನಕ್ಕಳು. "ನಮ್ಮ ಅತ್ತಿ ಇದಕ್ಕಿಂತ ಛಲೋ ಛಲೋ ಬೈತಿದ್ಲು ನನಗ." ನಗು ಹಾಗೇ ಕರಗಿತು. ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: "ನನಗೇನ ಆಗತೈತಿ ತಂಗಿ? ನನ್ನ ಹೆಸರು ಕೆಡಿಸಿದ್ರ ಕೂಸು ಅವರಪ್ಪನ ಬಾಜೂಕ ಹೋಗತೈತಿ ಅಂದ್ರ ಕೆಡಸು. ನೂರು ಸಲ ಕೆಡಸು. ನಾ ಬಂದು ಹೊರಗ ನಿಂತು ಹೌದು ಅಂತೀನಿ ಬೇಕಾದ್ರ."

ಸುಮಿತ್ರವ್ವ ತಲೆ ತಗ್ಗಿಸಿ ಜೋಳದಲ್ಲಿ ಹರಳು ಹುಡುಕತೊಡಗಿದಳು. ದೇವವ್ವ ಕಾಗದವನ್ನು ಮಡಿಸಿದಳು. ಮಡಿಸಿದ್ದನ್ನು ಮತ್ತೆ ಮಡಿಸಿದಳು. ಇಷ್ಟು ಹೊತ್ತು ಓದಲೇಬೇಕು ಎಂದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದವಳು ಅವಳು; ಹನಮಂತವ್ವನ ಮಾತು ಕೇಳಿದ ಮೇಲೆ ಅದು ನಿಲ್ಲಲಿಲ್ಲ.

ಐತವಾರ ಮಂದಿರ ತುಂಬಿತ್ತು. ಹೆಂಗಸರ ಚಾಪೆಯಲ್ಲಿ ದೇವವ್ವನ ಸುತ್ತ ಮಾತ್ರ ಒಂದು ಮೊಳ ಜಾಗ ಖಾಲಿ. ಗಂಡಸರ ಕಡೆ, ಆರಾಧನೆಗೆ ಮೊದಲು, ಬರಲಿರುವ ಹೊಸ ರಾಜ್ಯದ ಮಾತು ನಡೆದಿತ್ತು. ಮುಂಬೈ ಸರಕಾರ ಹೋಗುತ್ತದೆ, ಮುಂಡರಗಿಯೂ ಮೈಸೂರೂ ಒಂದೇ ಆಗುತ್ತವೆ ಎಂದು ಪೇತ್ರಪ್ಪ ಕೊಡೆ ಊರಿಕೊಂಡು ವಿವರಿಸುತ್ತಿದ್ದ. ಅಯ್ಯನವರೂ ಪ್ರಾರ್ಥನೆಯಲ್ಲಿ ಅದನ್ನು ಸೇರಿಸಿದರು: ಹರಿದು ಹಂಚಿಹೋದ ಈ ನಾಡನ್ನು ಒಂದುಮಾಡು ಕರ್ತನೇ. ಎಲ್ಲರೂ ಆಮೆನ್ ಅಂದರು. ದೇವವ್ವನೂ ಅಂದಳು.

ಬೋಧನೆಯ ಪ್ರಸಂಗ ಮುಗಿಯಿತು. ಅಯ್ಯನವರು ವಯಸ್ಸಿನಲ್ಲಿ ಸಣ್ಣವರು, ಮೆದು ಮಾತಿನವರು. ಅವಳತ್ತ ನೋಡದೆ, "ನಮ್ಮ ಸಹೋದರಿಯೊಬ್ಬಳು ಸಭೆಯ ಮುಂದೆ ಒಪ್ಪಿಕೊಳ್ಳುವುದು ಇದೆ," ಅಂದರು.

ದೇವವ್ವ ಎದ್ದು ಕಾಗದ ಬಿಡಿಸಿದಳು. "ಕರ್ತನ ಸಭೆಯ ಮುಂದೆ ನಾನು ಒಪ್ಪಿಕೊಳ್ಳುವುದೇನೆಂದರೆ..." ಅಲ್ಲಿಗೆ ನಿಲ್ಲಿಸಿದಳು. ಕಳ್ಳಿ ಬೇಲಿ ಕಣ್ಣ ಮುಂದೆ ಬಂತು. ಆಮೇಲೆ ಕಾಗದ ಕೆಳಗಿಳಿಸಿದಳು.

"ಬೇವು ನಮ್ಮ ಬಾಗಲಕ್ಕ ಇತ್ರಿ. ಖರೆ. ಕಟ್ಟಿದಾಕಿ ಹನಮಂತವ್ವ. ಒಳಗ ಯಾರೂ ಬರಬಾರದು ಅಂತ ಕಟ್ಟಿದ್ಲು. ಕಟ್ಟಲಿಲ್ಲಂದ್ರೂ ನಮ್ಮವರು ಯಾರೂ ಬರೂದಿಲ್ಲಂತ ಪಾಪ ಆಕಿಗೆ ಗೊತ್ತಿರಲಿಲ್ಲ."

ಹೆಂಗಸರ ಚಾಪೆಯಲ್ಲಿ ಯಾರೋ ಕೆಮ್ಮಿದರು.

"ದೇವವ್ವ, ಬರದದ್ದಷ್ಟ ಓದು!" ಪೇತ್ರಪ್ಪ ಎದ್ದು ನಿಂತಿದ್ದ.

"ನಿಮ್ಮ ಮನಿಯಿಂದ ನಮ್ಮ ಮನಿಗೆ ಹದಿನಾರು ಹೆಜ್ಜಿ ಕಾಕಾ. ಹನ್ನೊಂದು ದಿನದಾಗ ಒಂದು ತಂಬಿಗಿ ನೀರು ತಂದು ಹೊಸ್ತಲದಾಗ ಇಡಲಿಲ್ಲ ನೀವು. ಕೂಸು ಸತ್ತ ಮ್ಯಾಲ ಕೊಡಿ ತಗೊಂಡು ಬಂದ್ರಿ, ಬೇವು ನೋಡಾಕ." ಅವಳ ದನಿ ಏರಲಿಲ್ಲ; ಅದಕ್ಕೇ ಕಡೆಯ ಸಾಲಿನವರೆಗೂ ಕೇಳಿಸಿತು. "ಕೂಸು ನರಳೂಮುಂದ ಎಡಿಗೆ ಹೂಂ ಅನ್ನು ಅಂದ್ಲು ಹನಮಂತವ್ವ. ನಾ ಅನ್ನಲಿಲ್ರಿ. ಅನ್ನಬೇಕಿತ್ತೋ ಬ್ಯಾಡಿತ್ತೋ, ಅದನ್ನ ನಾನೂ ದೇವರೂ ಮಾತಾಡ್ಕೋತೀವಿ. ಅಂವಗ ನಾ ಕೇಳೂದು ಭಾಳ ಐತಿ. ನಡುವ ನೀವು ಬರಬ್ಯಾಡ್ರಿ. ಆದ್ರ ಅಂದೆ ಅಂತ ನನ್ನ ಬಾಯಿಲೆ ಹೇಳಸಬ್ಯಾಡ್ರಿ. ಹನಮಂತವ್ವನ ಕೈ ಸೈತಾನನ ಕೈ ಅಂತ ನಾ ಓದೂದಿಲ್ಲ. ಆ ಕೈ ನನ್ನ ಕೂಸಿಗೆ ಗಾಳಿ ಬೀಸೈತಿ."

ಅವಳು ಕೂತಳು. ತಗಡಿನ ಮಾಡು ಬಿಸಿಲಿಗೆ ಟಿಕ್ಕೆಂದಿತು. ಪೇತ್ರಪ್ಪ ಮುಂದೆ ಹೋಗಿ ಅಯ್ಯನವರ ಕಿವಿಯಲ್ಲಿ ಏನೋ ಹೇಳಿದ. ಅಯ್ಯನವರು ತಲೆಯಾಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಹಾಡು ಎತ್ತಿದರು.

ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಹೆಂಗಸರು ಆರಾರು ಮಂದಿ ಮುಂದೆ ಹೋಗಿ ಮೇಜಿನ ಮುಂದೆ ಮೊಣಕಾಲೂರುವುದು ವಾಡಿಕೆ. ಮೊದಲ ಸಾಲಿನಲ್ಲೇ ದೇವವ್ವ ಹೋದಳು. ಎಡಗೈ ಮೇಲೆ ಬಲಗೈ ಇಟ್ಟು ಚಾಚಿದಳು. ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಬಂದರು. ಒಬ್ಬಳಿಗೆ ಕೊಟ್ಟರು, ಮತ್ತೊಬ್ಬಳಿಗೆ ಕೊಟ್ಟರು. ಅವಳ ಮುಂದೆ ಅವರ ಕಾಲು ತುಸು ನಿಂತವು. ಮುಂದೆ ಸರಿದವು.

ದೇವವ್ವ ಕೈ ಹಿಂದೆಗೆಯಲಿಲ್ಲ.

ದ್ರಾಕ್ಷಾರಸದ ಬಟ್ಟಲೂ ಹಾಗೇ ದಾಟಿ ಹೋಯಿತು. "ಸಮಾಧಾನದಿಂದ ಹೋಗಿರಿ," ಅಂದರು ಅಯ್ಯನವರು. ಐದು ಮಂದಿ ಎದ್ದು ಹೋದರು. ದೇವವ್ವ ಏಳಲಿಲ್ಲ.

"ಏಳು ದೇವವ್ವ," ಪೇತ್ರಪ್ಪ ಪಕ್ಕದಿಂದ ಪಿಸುಗುಟ್ಟಿದ. "ಹಿಂದ ಮಂದಿ ನಿಂತಾರ."

ಅವಳು ಅವನತ್ತ ತಿರುಗಲಿಲ್ಲ. ಚಾಚಿದ ಕೈ ತೂಕ ಬಂದು ಸೋಲತೊಡಗಿದ್ದವು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಳು. ಕಣ್ಣು ತೆರೆದೇ ಇದ್ದಳು.

ಎರಡನೆಯ ಸಾಲಿನಿಂದ ಒಬ್ಬಳೇ ಮುಂದೆ ಬಂದು, ಮೇಜು ಹಿಡಿದು, ನರಳುತ್ತ ಅವಳ ಪಕ್ಕದಲ್ಲಿ ಕೂತಳು. ಸುಮಿತ್ರವ್ವ.

"ಅತ್ತಿ, ನೀವು ತಗೊಂಡು ಹೋಗ್ರಿ," ಅಂದಳು ದೇವವ್ವ ಮೆಲ್ಲಗೆ.

"ಸುಮ್ನಿರು. ನನ್ನ ಮೊಣಕಾಲು ಒಮ್ಮೆ ಊರಿದ್ರ ಜಲ್ದಿ ಏಳೂದಿಲ್ಲ."

ಅಯ್ಯನವರು ತಟ್ಟೆಯಿಂದ ಒಂದು ತುಣುಕು ತೆಗೆದು ಮುದುಕಿಯತ್ತ ಬಾಗಿದರು. ಮುದುಕಿ ಕೈ ಚಾಚಲಿಲ್ಲ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಮೊದಲು ಅಲ್ಲಿಗೆ ಎನ್ನುವಂತೆ, ಸೊಸೆಯ ಅಂಗೈಯನ್ನೇ ನೋಡುತ್ತಿದ್ದಳು. ಹಿಂದೆ ಉಳಿದ ಹೆಂಗಸರು ನಿಂತೇ ಇದ್ದರು. ಖಾಲಿ ಜಾಗಕ್ಕೆ ಯಾರೂ ಬರಲಿಲ್ಲ, ಚಾಪೆಗೂ ಯಾರೂ ತಿರುಗಲಿಲ್ಲ. ರೊಟ್ಟಿಯ ತುಣುಕು ಅಯ್ಯನವರ ಎರಡು ಬೆರಳಿನ ನಡುವೆ ಇತ್ತು. ಅದರಿಂದ ಒಂದೆರಡು ಪುಡಿ ಉದುರಿ ಮೇಜಿನ ಬಿಳಿ ಬಟ್ಟೆಯ ಮೇಲೆ ಬಿದ್ದವು.