ಕಾಶಿಬಾಯಿಗೆಂದು ಬಂದವರು

‘ಅತ್ತಿ ಅಲ್ರಿ, ಇವ್ರು ಹೋದ್ರು.’

ಅಲಖನೂರಿನ ಚಂದ್ರಮತಿ ಆ ಮಧ್ಯಾಹ್ನ ಹೊಸ್ತಿಲಲ್ಲಿ ನಿಂತು ಈ ಒಂದೇ ಮಾತನ್ನು ಎಷ್ಟು ಸಲ ಹೇಳಿದಳೋ ಅವಳಿಗೇ ಗೊತ್ತಾಗಲಿಲ್ಲ. ಕೇಳಿದವರು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದರು. ಓಣಿಯ ಮೂಲೆಯಿಂದಲೇ ಹಾಡಿಕೊಂಡು ಅಳುತ್ತ ಬಂದ ಹೆಂಗಸರ ಅಳು ಅಂಗಳದಲ್ಲೇ ಕಡಿದು ಬೀಳುತ್ತಿತ್ತು. ಆಮೇಲೆ ‘ಇವ್ರು ಅಂದ್ರ?’ ಎಂದು ಕೇಳುವುದು, ಅವಳು ಕುತ್ತಿಗೆಯ ತಾಳಿ ಮುಟ್ಟಿ ತೋರಿಸುವುದು, ಅವರು ಎದೆ ಬಡಿದುಕೊಂಡು ಬೇರೆ ಅಳು ಶುರು ಮಾಡುವುದು. ಅಷ್ಟರಲ್ಲಿ ಮತ್ತೊಂದು ಟಂಟಂ ಗಾಡಿ ಬಂದು ನಿಲ್ಲುತ್ತಿತ್ತು. ಗಂಡ ಸತ್ತ ಹೆಂಗಸಿಗೆ ಒಂದು ಕಡೆ ಕುಳಿತು ಅಳುವಷ್ಟಾದರೂ ಪುರಸೊತ್ತು ಕೊಡಬೇಡವೇ ಈ ಬಳಗ?

ಬೆಳಿಗ್ಗೆ ಏಳಕ್ಕೆ ಗಂಡ ಭೀಮಸಿ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗಿದ್ದ. ಐವತ್ಮೂರರ ಗಟ್ಟಿ ಆಳು. ಡೇರಿಯ ಕಟ್ಟೆಯ ಮೇಲೆ ಕುಳಿತು, ಎದೆಯಲ್ಲಿ ಗ್ಯಾಸ್ ಆಗಿದೆ, ಒಂದು ಸೋಡಾ ತರಿಸಿರಿ ಎಂದನಂತೆ. ಸೋಡಾ ಬರುವುದರೊಳಗೆ ಪಕ್ಕಕ್ಕೆ ವಾಲಿದ್ದ. ಮಗ ವಿಕ್ರಾಂತ ಅವನನ್ನು ಗಾಡಿಗೆ ಹಾಕಿಕೊಂಡು ಮಿರಜದ ಆಸ್ಪತ್ರೆಗೆ ಓಡಿದ. ದಾರಿಯಲ್ಲೇ ಎಲ್ಲ ಮುಗಿದಿತ್ತು. ಕಾಗದಪತ್ರ ಆಗಿ ಹೆಣ ಮನೆಗೆ ಬರುವುದು ಮೂರು ಗಂಟೆಗೆ, ನಾಲ್ಕೂವರೆಗೆ ಮಣ್ಣು ಎಂದು ನಿಶ್ಚಯವಾಯಿತು.

ಬಳಗಕ್ಕೆ ಸುದ್ದಿ ಮುಟ್ಟಿಸುವ ಕೆಲಸ ಸಮಾಧಾನನ ಪಾಲಿಗೆ ಬಂತು. ಭೀಮಸಿಯ ತಮ್ಮ ಲಕ್ಷ್ಮಣನ ಮಗ ಅವನು, ಇಪ್ಪತ್ತೈದು ದಾಟಿದ ಗೃಹಸ್ಥ. ಹೆಸರಿಗೆ ತಕ್ಕಂತೆ ನಿಧಾನವಾಗಿ ನಾಲ್ಕು ಮಾತು ಆಡಿದ್ದರೆ ಈ ಗೋಳು ಇರುತ್ತಿರಲಿಲ್ಲ. ‘ದೊಡ್ಡಪ್ಪನ ಮನಿಯಾಗ ತೀರಿಕೊಂಡಾರ, ಇವತ್ತ ಮಣ್ಣು, ಲಗು ಬರ್ರಿ’ ಎಂದು ಹೇಳಿ ಫೋನ್ ಇಡುತ್ತ ಹೋದ. ಯಾರು ಎಂದು ಅವನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಆ ಮನೆಯಲ್ಲಿ ಸಾಯುವ ಸರದಿ ಇದ್ದದ್ದು ಒಬ್ಬರದೇ. ಭೀಮಸಿಯ ತಾಯಿ ಕಾಶಿಬಾಯಿಗೆ ಎಂಬತ್ತೆಂಟು. ನಾಲ್ಕು ವರ್ಷದಿಂದ ಹಿಂದಿನ ಕೋಣೆ, ಮಂಚ, ಎಲೆಅಡಿಕೆ ಇಷ್ಟೇ ಅವಳ ಲೋಕ. ಬಳಗ ಅವಳಿಗಾಗಿ ಈಗಾಗಲೇ ಎರಡು ಸಲ ಕೂಡಿತ್ತು. ಒಮ್ಮೆ ಎಲ್ಲರೂ ಬಾಯಿಗೆ ನೀರು ಬಿಟ್ಟು ಸುತ್ತಲೂ ಕುಳಿತಿದ್ದಾಗ, ಮೂರನೆಯ ದಿನ ಮುದುಕಿ ಎದ್ದು ಕುಳಿತು ಗೋಧಿ ಹುಗ್ಗಿ ಕೇಳಿದಳು. ಕಾಗವಾಡದವರು ಆಗ ದ್ರಾಕ್ಷಿ ಕೊಯ್ಲು ಬಿಟ್ಟು ಬಂದವರು, ಮೋರೆ ಗಂಟು ಹಾಕಿಕೊಂಡೇ ವಾಪಸು ಹೋಗಿದ್ದರು.

ಹೀಗಾಗಿ ಈ ಸಲ ಎಲ್ಲರೂ ತಯಾರಾಗಿಯೇ ಬಂದರು. ಹಣ್ಣಾದ ಜೀವ ಹೋದರೆ ಅಳುವುದಕ್ಕಿಂತ ಮೆರೆಸುವುದೇ ಹೆಚ್ಚು ಈ ಕಡೆ. ಕಾಗವಾಡದವರು ತಾಳ, ಪಖವಾಜು ಸಮೇತ ಭಜನಿ ಮೇಳವನ್ನೇ ಗಾಡಿಯಲ್ಲಿ ತುಂಬಿಕೊಂಡು ಬಂದಿದ್ದರು. ಇನ್ಯಾರೋ ಒಂದು ಚೀಲ ಗುಲಾಲು ತಂದಿದ್ದರು. ಸುದ್ದಿ ತಿಳಿದ ಮೇಲೆ ಮೇಳದ ಯಜಮಾನ ಚಂದ್ರಮತಿಯ ಬಳಿ ಬಂದು, ಬಾರಿಸೋಣವೋ ಬೇಡವೋ ಎಂದು ವಿನಯದಿಂದ ಕೇಳಿದ. ಅದನ್ನೂ ಅವಳೇ ಹೇಳಬೇಕೇ? ಒಬ್ಬಳು ದೂರದ ನಾದಿನಿ, ನಾವು ಮುದುಕಿ ಅಂತ ತಿಳಿದು ಬಂದಿದ್ದೆವಲ್ಲ ಎಂದು ಎರಡೆರಡು ಸಲ ಅಂದಳು. ಚಂದ್ರಮತಿ ತಾನೇ ಮೋಸ ಮಾಡಿ ಕರೆಸಿದಳೇನೋ ಎಂಬಂತಿತ್ತು ಅವಳ ಧಾಟಿ.

ಸಿಟ್ಟು ಬಳಗದ ಮೇಲಷ್ಟೇ ಇರಲಿಲ್ಲ. ಭೀಮಸಿಯ ಮೇಲೂ ಮೈ ಉರಿಯುತ್ತಿತ್ತು. ಮೊನ್ನೆ ರವಿವಾರ ಮೀಸೆಗೆ ಕಪ್ಪು ಹಚ್ಚಿಕೊಂಡು, ಹತ್ತು ವರ್ಷ ಇಳಿದವಲ್ಲ ಎಂದು ಕನ್ನಡಿಯ ಮುಂದೆ ನಿಂತಿದ್ದ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಮಿರಜಕ್ಕೆ ಹೋಗಿ ತೋರಿಸೋಣ ಎಂದು ಇವಳು ದೀಪಾವಳಿಯಿಂದ ಹೇಳುತ್ತಿದ್ದಳು. ಕಬ್ಬು ಕಾರ್ಖಾನೆಗೆ ಹೋಗಲಿ, ಆಮೇಲೆ ಇಬ್ಬರೂ ಹೋಗೋಣ, ನಿನ್ನ ಮೊಳಕಾಲೂ ತೋರಿಸೋಣ, ಕಣ್ಣಿಗೆ ಚಾಳೀಸೂ ಮಾಡಿಸೋಣ ಎನ್ನುತ್ತಿದ್ದ. ಕಬ್ಬು ಇನ್ನೂ ಹೊಲದಲ್ಲೇ ನಿಂತಿದೆ. ನಲವತ್ತೊಂಬತ್ತಕ್ಕೆ ಅವಳ ಮೊಳಕಾಲು ಮಾತಾಡುತ್ತವೆ, ಸೂಜಿಯ ಕಣ್ಣು ಕಾಣುವುದಿಲ್ಲ. ಜೊತೆಯಲ್ಲಿ ಮುದುಕರಾಗೋಣ ಎಂದು ಮಾತು ಕೊಟ್ಟವನು ಅರ್ಧ ದಾರಿಯಲ್ಲಿ ಇಳಿದುಹೋದ. ಅವಳಿಗೆ ಅಳು ಬರಲಿಲ್ಲ. ಸಿಟ್ಟೇ ಬರುತ್ತಿತ್ತು, ಸಿಟ್ಟಿನ ಕೆಳಗೆ ಹೆದರಿಕೆಯಿತ್ತು.

ಇಷ್ಟೆಲ್ಲದರ ನಡುವೆ ಅವಳನ್ನು ಕೊರೆಯುತ್ತಿದ್ದ ಮಾತು ಬೇರೆ. ಹಿಂದಿನ ಕೋಣೆಯ ಕಾಶಿಬಾಯಿಗೆ ಮಗ ಸತ್ತದ್ದು ಗೊತ್ತಿರಲಿಲ್ಲ. ಲಕ್ಷ್ಮಣ ಬೆಳಿಗ್ಗೆಯೇ ಅಪ್ಪಣೆ ಕೊಡಿಸಿದ್ದ: ಅವ್ವನಿಗೆ ಯಾರೂ ಹೇಳಕೂಡದು, ಕೇಳಿದರೆ ಅಣ್ಣ ಪಂಢರಪುರಕ್ಕೆ ಹೋಗಿದ್ದಾನೆ ಎನ್ನಬೇಕು. ಒಂದೇ ದಿನ ಎರಡು ಹೆಣ ಎತ್ತಲು ತನ್ನಿಂದಾಗದು ಎಂದ. ಹಿರಿಯರೆಲ್ಲ ಹೂಂಗುಟ್ಟಿದರು. ಹೇಗೂ ಕಿವಿ ಮಂದ, ಬಾಗಿಲು ಹಾಕಿಟ್ಟರಾಯಿತು ಎಂದರು. ಹೆತ್ತವಳು ಮಗನ ಮೋರೆ ನೋಡದೆ ಹೇಗೆ ಎಂದು ಚಂದ್ರಮತಿ ಎರಡು ಸಲ ಕೇಳಿದಳು. ನಿನಗೆ ತಲೆ ಸರಿಯಿಲ್ಲ ಈಗ, ಸುಮ್ಮನೆ ಕುಳಿತುಕೋ ಎಂದರು. ಕುಳಿತುಕೊಳ್ಳಲು ಬಿಟ್ಟವರು ಯಾರು? ಗಡಿಯಾರ ಎರಡೂ ಮುಕ್ಕಾಲು ತೋರಿಸುತ್ತಿತ್ತು. ನಾಲ್ಕೂವರೆ ದಾಟಿದರೆ ಆ ಮೋರೆ ಮತ್ತೆಂದೂ ಸಿಗುವುದಿಲ್ಲ, ಮತ್ತು ಆ ಸುಳ್ಳನ್ನು ದಿನಾ ಬೆಳಗಾದರೆ ಹೇಳುತ್ತ ಮುದುಕಿಗೆ ಅನ್ನ ಕಲಸಿ ಕೊಡಬೇಕಾದವಳು ಚಂದ್ರಮತಿಯೇ.

ಆ ಹೊತ್ತಿಗೆ ಸುಂದರಾ ಬಂದಳು. ಏಕಸಂಬಿಗೆ ಕೊಟ್ಟಿದ್ದ ಇವಳು ಕಾಶಿಬಾಯಿಯ ಒಡಹುಟ್ಟಿದ ತಂಗಿ. ಸತ್ತ ಹೆಣ್ಣಿಗೆ ಹೊದಿಸಲು ತವರಿನವರು ತರುವ ಹೊಸ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು, ‘ನನ್ನಕ್ಕಾ ಕಾಶವ್ವಾ, ತವರಮನಿ ದೀಪಾ ಆರಿತಲ್ಲ’ ಎಂದು ರಾಗ ಎತ್ತಿಕೊಂಡೇ ಅಂಗಳಕ್ಕೆ ಕಾಲಿಟ್ಟಳು. ಚಂದ್ರಮತಿ ಬಾಯಿ ತೆರೆಯುವುದರೊಳಗೆ ಪಡಸಾಲೆ ದಾಟಿದ್ದಳು. ಹಿಡಿಯಲು ಹೋದವರ ಕೈ ಕೊಡವಿ ಹಿಂದಿನ ಕೋಣೆಯ ಬಾಗಿಲು ನೂಕಿದಳು.

ಮಂಚದ ಮೇಲೆ ಕಾಶಿಬಾಯಿ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು. ಸುಂದರಾಳ ರಾಗ ಅಲ್ಲಿಗೇ ನಿಂತಿತು. ಅವಳು ಸೀರೆ ಸಮೇತ ನೆಲಕ್ಕೆ ಕುಸಿದಳು. ಕಾಶಿಬಾಯಿ ತಂಗಿಯನ್ನು ನೋಡಿದಳು, ಆ ಹೊಸ ಸೀರೆಯನ್ನು ನೋಡಿದಳು, ಬಾಗಿಲಿಗೆ ಜೋತುಬಿದ್ದ ಮಂದಿಯನ್ನು ನೋಡಿದಳು.

‘ನನಗಂತ ಬಂದೀರಿ,’ ಎಂದಳು. ‘ನಾ ಇಲ್ಲೇ ಅದೀನಿ. ಹಂಗಾರ ಹೋದಾವ್ರು ಯಾರು?’

ಲಕ್ಷ್ಮಣ ಮುಂದೆ ನುಗ್ಗಿ, ಯಾರೂ ಹೋಗಿಲ್ಲ, ಚಿಗವ್ವನಿಗೆ ಯಾರೋ ತಪ್ಪು ಹೇಳಿದ್ದಾರೆ ಎಂದು ಗಟ್ಟಿಯಾಗಿ ಒದರಿದ. ಮುದುಕಿ ಅವನ ಕಡೆ ತಿರುಗಿ ಕೂಡ ನೋಡಲಿಲ್ಲ. ಅವಳ ಕಣ್ಣು ಚಂದ್ರಮತಿಯ ಮೇಲಿತ್ತು.

ಚಂದ್ರಮತಿ ಮಂಚದ ಹತ್ತಿರ ಹೋದಳು. ಬೆಳಗಿನಿಂದ ಬಂದವರಿಗೆಲ್ಲ ಹೇಳಿದ ಮಾತು ಈಗ ನಾಲಗೆಗೆ ಬಾರದು. ಕಡೆಗೆ, ‘ಇವ್ರು, ಅತ್ತಿ,’ ಎಂದಳು. ಮುದುಕಿಗೆ ಕೇಳಿಸಲಿಲ್ಲ. ಯಾರು, ಎಂದು ಕಿವಿಯನ್ನು ಹತ್ತಿರ ತಂದಳು. ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ಗಂಡನ ಹೆಸರನ್ನು ಅತ್ತೆಯ ಎದುರು ಚಂದ್ರಮತಿ ಒಮ್ಮೆಯೂ ಆಡಿದವಳಲ್ಲ. ಬಗ್ಗಿ ಆ ಕಿವಿಯಲ್ಲಿ ಹೇಳಿದಳು.

‘ಭೀಮಸಿ.’

ಕಾಶಿಬಾಯಿ ಕುಟ್ಟಾಣಿಯನ್ನು ಪಕ್ಕಕ್ಕಿಟ್ಟಳು. ಹೊರಗೆ ಮಿರಜದಿಂದ ಹೆಣದ ಗಾಡಿ ಬಂದ ಸದ್ದಾಗಿ ಹೆಂಗಸರು ಒಮ್ಮೆಲೇ ಕೂಗಿದರು.

‘ನನ್ನ ಹೊರಗ ಒಯ್ರಿ,’ ಎಂದಳು ಮುದುಕಿ.

ಬೇಡವ್ವ, ನಿನಗೆ ತಾಳದು ಎಂದು ಲಕ್ಷ್ಮಣ ಅಡ್ಡ ನಿಂತ. ಚಂದ್ರಮತಿಗೆ ಬೆಳಗಿನಿಂದ ಕುದಿಯುತ್ತಿದ್ದದ್ದೆಲ್ಲ ಒಮ್ಮೆಲೇ ಉಕ್ಕಿತು.

‘ಅತ್ತ ಸರಿ ಲಕ್ಷ್ಮಣ. ಹಡದಾಕಿ ಮಗನ ಮಾರಿ ನೋಡಾಕ ನಿನ್ನ ಪರ್ಮಿಶನ್ ಬೇಕೇನು? ಇಷ್ಟು ಮಂದಿ ಗಂಡಸರು ಬಂದೀರಿ, ಆ ಮಂಚ ಎತ್ರಿ.’

ಲಕ್ಷ್ಮಣ ಪಕ್ಕಕ್ಕೆ ಸರಿದ. ಮುದುಕಿಗೆ ಹೆಗಲು ಕೊಡಲೆಂದೇ ಬಂದಿದ್ದ ಕಾಗವಾಡದ ನಾಲ್ವರು ಮಂಚದ ನಾಲ್ಕು ಕಾಲು ಹಿಡಿದು ಅವಳನ್ನು ಅಂಗಳಕ್ಕೆ ತಂದರು. ಭೀಮಸಿಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಮಂಚವನ್ನು ಅವನ ಪಕ್ಕದಲ್ಲೇ ಇಳಿಸಿದರು. ಕಾಶಿಬಾಯಿ ಬಗ್ಗಿ ಮಗನ ಹಣೆ, ಮೂಗು, ಗಲ್ಲ ಎಲ್ಲ ಕೈಯಿಂದ ಸವರಿ ನೋಡಿದಳು. ಆಮೇಲೆ ಅವನ ಭುಜ ಹಿಡಿದು ಅಲುಗಿಸಿದಳು. ಶಾಲೆಗೆ ಹೊತ್ತಾಯಿತೆಂದು ಹುಡುಗರನ್ನು ಎಬ್ಬಿಸುವ ತಾಯಂದಿರ ಸಿಡುಕು ಅವಳ ದನಿಯಲ್ಲಿತ್ತು.

‘ಲೇ ಭೀಮಸಿ, ಏಳ. ಈ ಮಂದಿ ನಿನಗ ಬಂದದ್ದಲ್ಲೋ, ನನ್ನ ಒಯ್ಯಾಕ ಬಂದಾರ. ಪಾಳಿ ನಂದೈತಿ. ಏಳ.’

ಅವನು ಏಳಲಿಲ್ಲ. ಮುದುಕಿ ಮತ್ತೆ ಅಲುಗಿಸಿದಳು. ಚಂದ್ರಮತಿ ಮಂಚದ ಪಕ್ಕ ನೆಲಕ್ಕೆ ಕುಳಿತು ಆ ಕೈಯನ್ನು ಹಿಡಿದುಕೊಂಡಳು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು.