ಒಂದು ಗಂಟೆ ಐವತ್ತು ನಿಮಿಷ

"ಬರೋಕೆ ಎಷ್ಟು ಹೊತ್ತಾಗುತ್ತೋ?" ಆಸ್ಪತ್ರೆಯಿಂದ ಅಕ್ಕನ ಫೋನ್. "ಅಮ್ಮ ಕೇಳ್ತಿದ್ದಾಳೆ. ಸರಿಯಾಗಿ ಹೇಳು."

"ಒಂದು ಗಂಟೆ ಐವತ್ತು ನಿಮಿಷ." ಉತ್ತರ ತಾನಾಗಿಯೇ ಅವನ ಬಾಯಿಗೆ ಬಂತು.

ಆಗ ಬೆಳಿಗ್ಗೆ ಒಂಬತ್ತೂ ಹತ್ತು. ವಿಮಾನ ನಿಲ್ದಾಣದ ಹಿಂಭಾಗದಲ್ಲಿ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕೂತು ಹಾರಾಟದ ಲೆಕ್ಕ ಹಾಕುವುದು ಅವನ ಹದಿನಾಲ್ಕು ವರ್ಷದ ಕೆಲಸ. ಎಷ್ಟು ದೂರ, ಎಷ್ಟು ಎದುರುಗಾಳಿ, ಎಷ್ಟು ಇಂಧನ, ಎಷ್ಟು ಹೊತ್ತು. ಅಮ್ಮನಿರುವ ಊರಿಗೆ ಸಾವಿರದ ಮುನ್ನೂರು ಕಿಲೋಮೀಟರ್. ಆ ಕೋಣೆಯಲ್ಲಿ ಹೊತ್ತು ಎಂದರೆ ಚಕ್ರ ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ. ಉಳಿದದ್ದು ಪ್ರಯಾಣಿಕರ ಪಾಡು. ಅವನ ಲೆಕ್ಕ ತಪ್ಪುವುದು ಅಪರೂಪ. "ಸೂರ್ಯ ತಡ ಮಾಡಿದ್ರೂ ನನ್ನ ಮಗ ತಡ ಮಾಡಲ್ಲ" ಎಂದು ಅಮ್ಮ ಬಂದವರೆದುರೆಲ್ಲ ಜಂಬ ಕೊಚ್ಚುತ್ತಿದ್ದಳು.

"ಹೋಗಯ್ಯಾ, ಇಲ್ಲೀದು ನಾನು ನೋಡ್ಕೋತೀನಿ" ಎಂದರು ಮೇಲಧಿಕಾರಿ. ಹತ್ತೂವರೆಯ ವಿಮಾನದಲ್ಲಿ ಸೀಟು ಸಿಕ್ಕಿತು. ಸಾಲಿನಲ್ಲಿ ನಿಂತ, ಬೆಲ್ಟು ಬಿಚ್ಚಿದ, ಬೂಟು ಬಿಚ್ಚಿದ, ಮತ್ತೆ ಸಾಲಿನಲ್ಲಿ ನಿಂತ. ಕೂತ ಮೇಲೆ ಫೋನ್ ಆರಿಸಿದ.

ಹನ್ನೆರಡೂ ಇಪ್ಪತ್ತಕ್ಕೆ ಚಕ್ರ ನೆಲ ಮುಟ್ಟಿತು. ಒಂದು ಗಂಟೆ ಐವತ್ತು, ಚಾಚೂ ತಪ್ಪದೆ. ಅಭ್ಯಾಸಬಲದಿಂದ ಒಂದು ಕ್ಷಣ ಖುಷಿಯಾಯಿತು. ಆ ಖುಷಿಗಾಗಿ ಮುಂದೆ ಅವನು ತನ್ನನ್ನು ಎಂದೂ ಕ್ಷಮಿಸಲಿಲ್ಲ.

ಫೋನ್ ಹಚ್ಚಿದರೆ ಅಕ್ಕನ ಹನ್ನೊಂದು ಕರೆಗಳು. ಮೊದಲನೆಯದು ಹನ್ನೊಂದೂ ಐದಕ್ಕೆ. ಒಂಬತ್ತೂ ಹತ್ತಕ್ಕೆ ಒಂದು ಗಂಟೆ ಐವತ್ತು ನಿಮಿಷ ಕೂಡಿಸಿದರೆ ಎಷ್ಟು ಎಂಬುದು ಆಗ ಹೊಳೆಯಿತು. ತಿರುಗಿ ಮಾಡಿದ. ಅಕ್ಕ ಎತ್ತಲಿಲ್ಲ.

"ಆಸ್ಪತ್ರೆಗೆ ಎಷ್ಟೊತ್ತಾಗುತ್ತೆ?" ಟ್ಯಾಕ್ಸಿಯವನನ್ನು ಕೇಳಿದ.

"ಅದೆಲ್ಲ ಹೇಳಕ್ಕಾಗಲ್ಲ ಸಾರ್. ಹೋದಾಗಲೇ ಗೊತ್ತಾಗೋದು."

ಅಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವನನ್ನು ಕಂಡು ಏಳಲಿಲ್ಲ. ಅವನಿಗೆ ಅರ್ಥವಾಗಲು ಅಷ್ಟು ಸಾಕಾಯಿತು.

"ಯಾವಾಗ?"

"ಅರ್ಧ ಗಂಟೆ ಆಯ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಹನ್ನೊಂದಕ್ಕೆ ಬರ್ತಾನೆ ಅಂತ ನಾನೇ ಹೇಳ್ದೆ. ಹತ್ತಕ್ಕೆ ನರ್ಸ್ ನೋವಿನ ಇಂಜೆಕ್ಷನ್ ತಂದ್ರು. ಬೇಡ, ನಿದ್ದೆ ಬಂದ್ಬಿಡುತ್ತೆ, ಮಗನ ಮುಖ ನೋಡ್ಬೇಕು, ಒಂದು ಗಂಟೆ ತಾನೆ, ತಡ್ಕೋತೀನಿ ಅಂದ್ಲು."

"ಆಮೇಲೆ?"

"ಆಮೇಲೇನು, ಹನ್ನೊಂದಾಯ್ತು, ಹನ್ನೆರಡಾಯ್ತು. ಹಲ್ಲು ಕಚ್ಕೊಂಡು ನರಳ್ತಿದ್ಲು ಕಣೋ. ಇನ್ನು ಹಾಕಿಸ್ತೀನಿ ಅಂದ್ರೆ ನನ್ನ ಕೈ ಹಿಡ್ಕೊಂಡ್ಲು. ಅವನು ತಡ ಮಾಡೋನಲ್ಲ, ಈ ಗೋಡೆ ಗಡಿಯಾರ ಮುಂದೆ ಓಡ್ತಿದೆ, ಸರಿ ಮಾಡು ಅಂತ ಹಟ. ಏನ್ ಮಾಡ್ಲಿ? ಸ್ಟೂಲ್ ಹತ್ತಿ ಮುಳ್ಳು ಹಿಂದಕ್ಕೆ ತಿರುಗಿಸ್ದೆ."

ಅವನು ಒಳಗೆ ಹೋದ. ಅಮ್ಮನ ಮುಖ ಬಾಗಿಲ ಕಡೆಗೇ ಹೊರಳಿತ್ತು. ಪಕ್ಕದ ಟ್ರೇಯಲ್ಲಿ ಔಷಧಿ ತುಂಬಿದ ಸಿರಿಂಜು ಮುಚ್ಚಳ ಕೂಡ ತೆಗೆಯದೆ ಹಾಗೇ ಇತ್ತು. ಅದರ ಬಳಿ ಗಡಿಯಾರದಿಂದ ಕಿತ್ತಿಟ್ಟ ಒಂದು ಸೆಲ್ಲು. ಗೋಡೆಯ ಮೇಲೆ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು.