ಕೂಸಿನ ಬಲಗಿವಿ

"ಅಬ್ಬಾ, ಒಂದ ಹೋತ ಕೊಯ್ಯೂದೋ, ಎರಡೋ?" ತಸ್ಲೀಮಾ ಹಿತ್ತಲಿನಲ್ಲಿ ತಂದೆಯನ್ನು ಕೇಳಿದಳು. ಅಬ್ದುಲಸಾಬರು ಬೇವಿನ ಟೊಂಗೆ ಬಗ್ಗಿಸಿ ಹಿಡಿದು ನಿಂತಿದ್ದರು. ಹೋತಗಳೆರಡೂ ಅವಸರವಿಲ್ಲದೆ ಎಲೆ ತಿನ್ನುತ್ತಿದ್ದವು.

ಒಳಗೆ ಸೊಸೆ ಗೌಸಿಯಾ ಅರೆನಿದ್ದೆಯಲ್ಲಿದ್ದಳು. ಹಳೆಯ ಇಳಕಲ್ ಸೀರೆಯ ತೊಟ್ಟಿಲು. ಅದರ ಕೆಂಪು ಸೆರಗಿನಿಂದ ಇಳಿದ ಬಿಸಿಲು ಕೂಸಿನ ಮೈಮೇಲೆ ಕೆರೆಯ ನೀರಿನಂತೆ ಅಲುಗುತ್ತಿತ್ತು. ನಾದಿನಿಯ ಮಾತು ಎಲ್ಲೋ ದೂರದ ಊರಿನಿಂದ ಬಂದಂತೆ ಕೇಳಿಸಿತು. ಕೂಸಿನ ಹೆಸರಿನಲ್ಲಿ ಕೊಡುವ ಅಕೀಕಾದ ಬಲಿಗೆ ಗಂಡಾದರೆ ಎರಡು ಹೋತ, ಹೆಣ್ಣಾದರೆ ಒಂದು. ಗಂಡು ಹುಟ್ಟಿತೆಂದು ಯಾರೋ ಫೋನಿನಲ್ಲಿ ಹೇಳಿದ್ದೇ ತಡ, ಮಾವ ಅಮೀನಗಡದ ಸಂತೆಗೆ ಹೋಗಿ ಎರಡು ತಂದು ಕಟ್ಟಿದ್ದರು.

ಆಮೇಲೆ ಬಾಗಲಕೋಟೆಯ ಡಾಕ್ಟರು ರೋಹಿಣಿ ಕೂಸನ್ನು ನೋಡಿ, ಗೌಸಿಯಾಳ ಕೈ ಹಿಡಿದುಕೊಂಡು ಹೇಳಿದ್ದರು: "ಮ್ಯಾಲೆ ನೋಡಿ ಗಂಡೋ ಹೆಣ್ಣೋ ಹೇಳಾಕ ಬರೂದಿಲ್ಲವ್ವಾ. ರಕ್ತದ ರಿಪೋರ್ಟ್ ಬರಲಿ. ಹಿಂಗೂ ಮಕ್ಕಳು ಹುಟ್ಟತಾವು, ಇದು ಯಾರ ತಪ್ಪೂ ಅಲ್ಲ. ಆಪರೇಶನ್ನಿಗೆ ಗಡಿಬಿಡಿ ಬ್ಯಾಡ. ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ, ಕೂಸಿನ ಜೀವ ಅದರಾಗ ಐತಿ." ಗಂಡ ನವೀದ ರಿಪೋರ್ಟಿಗಾಗಿ ಅಲ್ಲೇ ಉಳಿದಿದ್ದ.

ಅಂದಿನಿಂದ ಮಾವ ತೊಟ್ಟಿಲ ಹತ್ತಿರ ಸುಳಿದಿರಲಿಲ್ಲ. ಹುಟ್ಟಿದ ಕೂಸಿನ ಕಿವಿಯಲ್ಲಿ ಹೇಳಬೇಕಾದ ಬಾಂಗನ್ನೂ ಹೇಳಿರಲಿಲ್ಲ. ಈ ಮನೆಯ ಮಕ್ಕಳಿಗೆಲ್ಲ ಹೇಳಿದವರು ಅವರೇ. ಓಣಿಯವರು ಏನಾದರೂ ಅಂದುಕೊಳ್ಳಲಿ, ಅವರಿಗೆ ಬೇರೆ ಕೆಲಸವಾದರೂ ಏನಿದೆ. ಮಾವನೇ ಬೇಡವೆಂದರೆ ಈ ಕೂಸು ಯಾರದು? ಗೌಸಿಯಾ ಎದ್ದು, ಪುಡಿಮಾಡಿದ ಗುಳಿಗೆಯನ್ನು ಎದೆಹಾಲಿನಲ್ಲಿ ಕದಡಿ ಕುಡಿಸಿದಳು. ಕೂಸು ನಿದ್ದೆಗಣ್ಣಿನಲ್ಲೇ ಬಾಯಿ ಚಪ್ಪರಿಸಿತು.

ಬಾಗಿಲಲ್ಲಿ ನೆರಳು ಬಿತ್ತು. ಮಾವ ಕೈಕಾಲು ತೊಳೆದು ಬಂದಿದ್ದರು. ಗಡ್ಡದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಕೂಸ ಕೊಡವಾ."

ಹಿಂದೆಯೇ ಬಂದ ತಸ್ಲೀಮಾ, "ರಿಪೋರ್ಟ್ ಬರೂತನಕ ತಡೀರಿ ಅಬ್ಬಾ," ಅಂದಳು.

"ಹೋತಕ್ಕ ಲೆಕ್ಕ ಬೇಕು, ಅವು ತಡೀಲಿ. ಬಾಂಗಿಗೆ ಯಾವ ಲೆಕ್ಕ?" ಅವರ ದನಿ ಒಡೆಯಿತು. "ಗಂಡು ಹುಟ್ಟೈತಂತ ಓಣಿಗೆಲ್ಲ ಸಾರಿ ಬಂದಿದ್ದೆ. ಆ ನಾಚಿಕ್ಯಾಗ ಇದರ ಮಾರಿನೂ ನೋಡಲಿಲ್ಲ ನಾ."

ಗೌಸಿಯಾ ಕೂಸನ್ನು ಎತ್ತಿ ಕೊಟ್ಟಳು. ಅವರು ಪಡುವಣಕ್ಕೆ ತಿರುಗಿ ನಿಂತು, ಕೂಸಿನ ಬಲಗಿವಿಗೆ ಬಾಯಿ ಹತ್ತಿರ ತಂದು, ಮಸೀದಿಯಲ್ಲಿ ಹೇಳುವಷ್ಟೇ ಪೂರ್ತಿಯಾಗಿ, ಆದರೆ ಪಿಸುದನಿಯಲ್ಲಿ ಬಾಂಗ್ ಹೇಳತೊಡಗಿದರು. ಗೌಸಿಯಾ ಅಳುತ್ತಲೇ ಸೆರಗು ತಲೆಗೆ ಎಳೆದುಕೊಂಡಳು.

ಹಗ್ಗ ಬಿಚ್ಚಿಕೊಂಡ ಹೋತವೊಂದು ಒಳಗೆ ಬಂದು ಖಾಲಿ ತೊಟ್ಟಿಲ ತುದಿಯನ್ನು ಅಗಿಯುತ್ತಿತ್ತು. ಬಾಂಗ್ ಮುಗಿಯುವವರೆಗೆ ಅದನ್ನು ಯಾರೂ ಓಡಿಸಲಿಲ್ಲ.